ಎಲೆಕ್ಟ್ರಾನ್ ನಿಜಕ್ಕೂ ಜಿಗಿಯುತ್ತದೆಯೇ? ಹೈಡ್ರೋಜನ್ ಬೆಳಕಿನ ಹಿನ್ನೆಲೆ

ಎಲೆಕ್ಟ್ರಾನ್ ಮೇಲಿನ ಕಕ್ಷೆಯಿಂದ ಕೆಳಗಿನ ಕಕ್ಷೆಗೆ ಜಿಗಿಯುತ್ತದೆ, ಆಗ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಹೊರಬೀಳುತ್ತದೆ. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಜಿಗಿಯುವಾಗ ನಡುವೆ ಎಲ್ಲಿತ್ತು ಎಂದು ವಿದ್ಯಾರ್ಥಿ ಕೇಳಿದರೆ ಮಾತ್ರ ಉತ್ತರ ಸಿಗುವುದು ಕಷ್ಟ. ಈ ಗೋಜಲು ಬಿಡಿಸಲು ಎಲೆಕ್ಟ್ರಾನ್ ಎಂಬ ಹೆಸರೇ ಹುಟ್ಟಿರದ ಕಾಲಕ್ಕೆ ಹೋಗಬೇಕು.

ಗಾಜಿನ ಕೊಳವೆಯಲ್ಲಿ ತುಸು ಹೈಡ್ರೋಜನ್ ತುಂಬಿ ವಿದ್ಯುತ್ ಹರಿಸಿದರೆ ನಸುಗೆಂಪು ಬೆಳಕು ಬರುತ್ತದೆ. ಅದನ್ನು ಪಟ್ಟಕದ ಮೂಲಕ ನೋಡಿದರೆ ಕಾಮನಬಿಲ್ಲಲ್ಲ, ಕತ್ತಲಲ್ಲಿ ಬಿಡಿಬಿಡಿ ಗೆರೆಗಳು: ಒಂದು ಕೆಂಪು, ಒಂದು ಹಸಿರುನೀಲಿ, ನೇರಳೆಯ ಕಡೆಗೆ ಇನ್ನೆರಡು. ಸ್ವೀಡನ್ನಿನ ಆಂಗ್‌ಸ್ಟ್ರಾಮ್ ಇವುಗಳ ತರಂಗಾಂತರ ಅಳೆದಿಟ್ಟಿದ್ದರು. ಬಾಸೆಲ್‌ನ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಯೋಹಾನ್ ಬಾಮರ್ ಆ ನಾಲ್ಕು ಅಂಕಿಗಳ ಬೆನ್ನುಹತ್ತಿದರು. 1885ರಲ್ಲಿ ಸೂತ್ರ ಪ್ರಕಟಿಸಿದಾಗ ಅವರಿಗೆ ಅರವತ್ತು ವರ್ಷ. 364.56 ನ್ಯಾನೊಮೀಟರನ್ನು 9/5ರಿಂದ ಗುಣಿಸಿ: 656.2, ಕೆಂಪು ಗೆರೆ. 4/3ರಿಂದ ಗುಣಿಸಿ: 486.1, ಅದರ ಪಕ್ಕದ್ದು. ಉಳಿದೆರಡಕ್ಕೆ 25/21 ಮತ್ತು 9/8. ಇಲ್ಲಿ 4/3ನ್ನು 16/12 ಎಂದೂ 9/8ನ್ನು 36/32 ಎಂದೂ ಬರೆದುಕೊಂಡರೆ ಗುಟ್ಟು ಬಯಲಾಗುತ್ತದೆ: ಮೇಲೆ 3, 4, 5, 6ರ ವರ್ಗ, ಕೆಳಗೆ ಅದರಲ್ಲಿ 4 ಕಳೆದದ್ದು. ಪರಮಾಣುವಿನೊಳಗೆ ಏನಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಬೆರಗು ಹುಟ್ಟಿಸುವ ಘಟ್ಟ ಇದೇ.

ರಿಡ್‌ಬರ್ಗ್ ಬಾಮರರ ಸೂತ್ರವನ್ನು ವಿಸ್ತರಿಸಿದರು; ಲೈಮನ್, ಪಾಶನ್ ಕಣ್ಣಿಗೆ ಕಾಣದ ಗೆರೆಗಳನ್ನೂ ಹಿಡಿದರು. 1913ರಲ್ಲಿ ನೀಲ್ಸ್ ಬೋರ್ ಕಕ್ಷೆಗಳ ಚಿತ್ರ ಕೊಟ್ಟರು. ಎಲೆಕ್ಟ್ರಾನ್ ಮೂರನೇ ಕಕ್ಷೆಯಿಂದ ಎರಡನೆಯದಕ್ಕೆ ಇಳಿದರೆ 1.89 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಲೆಕ್ಕದಲ್ಲಿ ಬಳಸುವ ಶಕ್ತಿಯ ಅಳತೆ) ಹೊರಗೆ. ಬಾಮರರ ಕೆಂಪು ಗೆರೆ ಅದೇ. ಬೋರ್ ಅವರ ಹಸ್ತಪ್ರತಿ ಓದಿದ, ಪರಮಾಣುವಿನ ಬೀಜಕೇಂದ್ರ ಕಂಡುಹಿಡಿದ ರದರ್‌ಫರ್ಡ್ ಆಗಲೇ ಆಕ್ಷೇಪ ಎತ್ತಿದ್ದರು: ಎಲ್ಲಿ ನಿಲ್ಲಬೇಕೆಂದು ಎಲೆಕ್ಟ್ರಾನಿಗೆ ಮೊದಲೇ ಗೊತ್ತಿರಬೇಕಾಗುತ್ತದಲ್ಲ?

1926ರ ಶ್ರೋಡಿಂಗರ್ ಸಮೀಕರಣದಲ್ಲಿ ಕಕ್ಷೆಗಳು ಕರಗಿದವು, ಶಕ್ತಿಮಟ್ಟಗಳು ಉಳಿದವು; ಕಕ್ಷೆಯ ಜಾಗಕ್ಕೆ ಎಲೆಕ್ಟ್ರಾನ್ ಎಲ್ಲೆಲ್ಲಿ ಸಿಗಬಹುದೆಂದು ತೋರಿಸುವ ಮೋಡ ಬಂತು. ಇಳಿಯುವ ಹೊತ್ತಿನಲ್ಲಿ ಎರಡೂ ಸ್ಥಿತಿಗಳು ಬೆರೆತಿರುತ್ತವೆ. ಆ ಬೆರಕೆಯ ಮೋಡ ಎರಡು ಶಕ್ತಿಗಳ ಅಂತರಕ್ಕೆ ತಕ್ಕ ಆವೃತ್ತಿಯಲ್ಲಿ ಅತ್ತಿತ್ತ ತೂಗುತ್ತದೆ, ಬೆಳಕಿನ ಆವೃತ್ತಿಯೂ ಅದೇ. ತರಗತಿಗೆ ಉಳಿದದ್ದು ಮಾತ್ರ ಬೋರ್ ಚಿತ್ರ. ಅದರಿಂದ ಶುರುಮಾಡುವುದು ಸರಿ, ಅಲ್ಲೇ ನಿಲ್ಲಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಏಕೆಂದರೆ ಎರಡನೇ ಮಟ್ಟದಲ್ಲೇ ಆ ಚಿತ್ರ ಸೋಲುತ್ತದೆ. ಆ ಮಟ್ಟದಲ್ಲಿ ಮೋಡಕ್ಕೆ ಎರಡು ಬಗೆಯ ಆಕಾರ: ಡಂಬೆಲ್‌ನಂಥದ್ದು 2ಪಿ, ದುಂಡನೆಯದು 2ಎಸ್. 2ಪಿ ಸ್ಥಿತಿಯ ಎಲೆಕ್ಟ್ರಾನ್ ಸರಾಸರಿ 1.6 ನ್ಯಾನೊಸೆಕೆಂಡಿನಲ್ಲಿ ಫೋಟಾನ್ ಬಿಟ್ಟು ಇಳಿಯುತ್ತದೆ. 2ಎಸ್ ಸ್ಥಿತಿಯಿಂದ ಇಳಿಯುವಾಗ ಮೋಡ ತೂಗುವುದಿಲ್ಲ, ಉಬ್ಬಿ ಕುಗ್ಗುತ್ತದಷ್ಟೆ. ಹಾಗಾಗಿ ಒಂಟಿ ಫೋಟಾನಿನ ದಾರಿ ಬಹುತೇಕ ಮುಚ್ಚಿದೆ. ಯಾವುದೂ ತಾಗದಿದ್ದರೆ ಅದು ಸೆಕೆಂಡಿನ ಸುಮಾರು ಎಂಟನೇ ಒಂದು ಭಾಗ ಹಾಗೇ ಉಳಿದು, 10.2 ಎಲೆಕ್ಟ್ರಾನ್ ವೋಲ್ಟನ್ನು ಎರಡು ಫೋಟಾನುಗಳಿಗೆ ಹಂಚಿ ಇಳಿಯುತ್ತದೆ. ಯಾವುದಕ್ಕೆ ಎಷ್ಟು ಪಾಲು ಎಂಬುದಕ್ಕೆ ಕಟ್ಟುಪಾಡಿಲ್ಲ. ನೀಹಾರಿಕೆಗಳ ರೋಹಿತದಲ್ಲಿ ಗೆರೆಗಳ ನಡುವೆ ಹರಡಿಕೊಂಡ ಮಸುಕು ಬೆಳಕಿನ ಒಂದು ಪಾಲು ಹುಟ್ಟುವುದು ಹೀಗೆ.