ಕುಂಡದ ಮಣ್ಣಿಗೆ ಮೊದಲು ಗಾಳಿ, ಆಮೇಲೆ ಗೊಬ್ಬರ

ಮಾಳಿಗೆಯ ಮೇಲೆ ಟೊಮೆಟೊ ಅಥವಾ ಮೆಣಸಿನ ಗಿಡ ಬೆಳೆಸಲು ಹೊರಟವರು ಸಾಮಾನ್ಯವಾಗಿ ಪಾಯ ತೋಡಿದ ಕಡೆಯಿಂದ ಒಂದೆರಡು ಚೀಲ ಕೆಮ್ಮಣ್ಣು ತಂದು, ಅದಕ್ಕೆ ಸಗಣಿ ಗೊಬ್ಬರ ಕಲಸಿ ಕುಂಡಗಳಿಗೆ ತುಂಬುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಮೇಲ್ಮಣ್ಣು ಹೆಪ್ಪುಗಟ್ಟುತ್ತದೆ, ಹಾಕಿದ ನೀರು ಇಂಗದೆ ನಿಲ್ಲುತ್ತದೆ, ಗಿಡದ ಕೆಳಗಿನ ಎಲೆಗಳು ಹಳದಿಯಾಗುತ್ತವೆ. ಗೊಬ್ಬರ ಸಾಲದೆಂದು ಭಾವಿಸಿ ಇನ್ನೆರಡು ಹಿಡಿ ಹಾಕುತ್ತಾರೆ. ಗಿಡ ಮತ್ತಷ್ಟು ಸೊರಗುತ್ತದೆ. ಇಲ್ಲಿ ಬಹುಮಟ್ಟಿಗೆ ಕೊರತೆಯಾಗಿರುವುದು ಗೊಬ್ಬರವಲ್ಲ, ಬೇರಿಗೆ ಬೇಕಾದ ಉಸಿರು.

ಕುಂಡವನ್ನು ಪುಟ್ಟದೊಂದು ಹೊಲವೆಂದು ತಿಳಿಯುವುದರಿಂದಲೇ ಈ ತಪ್ಪು ಆರಂಭವಾಗುತ್ತದೆ. ಹೊಲದಲ್ಲಿ ಬಿದ್ದ ಮಳೆಯನ್ನು ಅಡಿಯ ಮಣ್ಣು ಆಳಕ್ಕೆ ಎಳೆದುಕೊಳ್ಳುತ್ತ ಹೋಗುವುದರಿಂದ ಮೇಲಿನ ಒಂದಡಿ ಮಣ್ಣು ಒಂದೆರಡು ದಿನಗಳಲ್ಲಿ ಬಸಿದು, ಅದರ ದೊಡ್ಡ ರಂಧ್ರಗಳಿಗೆ ಗಾಳಿ ಬರುತ್ತದೆ. ಕುಂಡದ ತಳದಲ್ಲಿ ಹಾಗೆ ಎಳೆದುಕೊಳ್ಳಲು ಏನೂ ಇಲ್ಲ. ತಳದಲ್ಲಿ ತೂತಿದ್ದರೂ, ನೀರಿನ ಮೇಲ್ಮೈ ಎಳೆತಕ್ಕಿಂತ ಅದರ ತೂಕ ಹೆಚ್ಚಾದಾಗ ಮಾತ್ರ ನೀರು ಹೊರಬೀಳುತ್ತದೆ. ಲೆಕ್ಕ ಸರಳವಾಗಿದೆ: 1 ಮಿಲಿಮೀಟರ್ ಅಗಲದ ರಂಧ್ರ ಸುಮಾರು 3 ಸೆಂಟಿಮೀಟರ್ ಎತ್ತರದ ನೀರನ್ನು ಹಿಡಿದಿಟ್ಟುಕೊಂಡರೆ, ಅದರ ಹತ್ತನೆಯ ಒಂದು ಪಾಲು, ಅಂದರೆ 0.1 ಮಿಲಿಮೀಟರ್ ಅಗಲದ ರಂಧ್ರ 30 ಸೆಂಟಿಮೀಟರ್ ಎತ್ತರದ ನೀರನ್ನು ಹಿಡಿದಿಡಬಲ್ಲದು. ಜೇಡಿಯಂಶ ಹೆಚ್ಚಿರುವ ಮಣ್ಣಿನ ಬಹುಪಾಲು ರಂಧ್ರಗಳು ಇದಕ್ಕಿಂತ ಸಣ್ಣವಾದ್ದರಿಂದ, ಒಂದಡಿ ಎತ್ತರವೂ ಇಲ್ಲದ ಕುಂಡದಲ್ಲಿ ಅವು ತಾವಾಗಿ ಬಸಿಯುವ ಸಂಭವವೇ ಇಲ್ಲ. ಆಮ್ಲಜನಕವು ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ತುಂಬಿದ ನೀರಿನ ನಡುವೆ ಬೇರು ಉಸಿರುಗಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ನೀರು ಬಸಿಯಲೆಂದು ಕುಂಡದ ತಳಕ್ಕೆ ಜಲ್ಲಿ ಅಥವಾ ಹೆಂಚಿನ ಚೂರು ಹಾಕುವ ವಾಡಿಕೆ ನಮ್ಮಲ್ಲಿ ಬಹಳ ಹಳೆಯದು, ಆದರೆ ಅದರಿಂದ ಪ್ರಯೋಜನವಿಲ್ಲ. ಸಣ್ಣ ರಂಧ್ರದಲ್ಲಿರುವ ನೀರು ತಾನಾಗಿ ದೊಡ್ಡ ರಂಧ್ರಕ್ಕೆ ಇಳಿಯುವುದಿಲ್ಲವಾದ್ದರಿಂದ ತಳದ ತೇವದ ಪದರ ಜಲ್ಲಿಯ ಮೇಲಕ್ಕೆ ಏರುತ್ತದೆ. ಬೇರಿಗೆ ಉಳಿದಿದ್ದ ಜಾಗವೂ ಅಷ್ಟು ಕಡಿಮೆಯಾಗುತ್ತದೆ. ನಂಬಿಕೆಯಾಗದವರು ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಬಹುದು. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿದರೆ ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಬದಲಾಗಿಲ್ಲ, ಎತ್ತರ ಬದಲಾಗಿದೆ. ಒಂದೇ ಮಿಶ್ರಣ ತುಂಬಿದ ತಟ್ಟೆಯಂಥ ಕುಂಡಕ್ಕಿಂತ ಎತ್ತರದ ಕುಂಡ ಚೆನ್ನಾಗಿ ಬಸಿಯುವುದೂ ಇದೇ ಕಾರಣಕ್ಕೆ.

ಈ ತೊಡಕನ್ನು ತೋಟಗಾರಿಕೆಯವರು ಹಿಂದೆಯೇ ಕಂಡುಕೊಂಡಿದ್ದರು. ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆ 1930ರ ದಶಕದಲ್ಲಿ ರೂಪಿಸಿದ ಕುಂಡದ ಮಿಶ್ರಣದಲ್ಲಿ 7 ಪಾಲು ಗೋಡುಮಣ್ಣು, 3 ಪಾಲು ಪೀಟ್ (ಜೌಗು ನೆಲದಲ್ಲಿ ಅರೆಕೊಳೆತ ಸಸ್ಯಗಳ ಶೇಷ), 2 ಪಾಲು ಮರಳಿತ್ತು. 1960ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಮಣ್ಣನ್ನೇ ಬಿಟ್ಟು, ಪೀಟ್‌ಗೆ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್ ಎಂಬ, ಕಾಯಿಸಿ ಉಬ್ಬಿಸಿದ ಹಗುರ ಖನಿಜವನ್ನು ಬೆರೆಸಿತು. ಈಚೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಸಾವಯವ ಮಿಶ್ರಣದ ಚರ್ಚೆಯನ್ನು ಎಲ್ಲರಿಗಿಂತ ಉತ್ಸಾಹದಿಂದ ಬೆಳೆಸಿದವರಲ್ಲಿ ಗಾಂಜಾ ಬೆಳೆಗಾರರೂ ಸೇರಿದ್ದಾರೆ. ಕೆನಡಾದಲ್ಲಿ ಆ ಕೃಷಿ 2018ರಿಂದ ಕಾನೂನುಬದ್ಧವಾಗಿದೆ. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಪರವಾನಗಿಯಿಲ್ಲದೆ ಅದನ್ನು ಬೆಳೆಯುವುದು ಅಪರಾಧವಾದ್ದರಿಂದ ಗಿಡದ ಮಾತು ಇಲ್ಲಿಗೆ ಸಾಕು. ಆದರೆ ಅವರ ಮಣ್ಣಿನ ಪಾಕ ಮೆಣಸಿಗೂ ಬದನೆಗೂ ಒಪ್ಪುತ್ತದೆ: ಒಂದು ಪಾಲು ಪೀಟ್, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ಗಾಳಿಯಾಡಿಸುವ ಒರಟು ವಸ್ತು, ಮೇಲೆ ಒಂದಿಷ್ಟು ಹಿಂಡಿ. ಅವರು ಹೀಗೆ ಬೆರೆಸುವುದು ಭಾರತದಿಂದ ಹೋದ ಬೇವಿನ ಹಿಂಡಿಯನ್ನು ಮತ್ತು ಹೊಂಗೆ ಹಿಂಡಿಯನ್ನು ಎಂಬುದು ಸ್ವಾರಸ್ಯದ ಸಂಗತಿ. ನಮ್ಮೂರ ಎಣ್ಣೆ ಗಾಣದಲ್ಲಿ ಸಿಗುವುದನ್ನು ಅವರು ಸಣ್ಣ ಪೊಟ್ಟಣಗಳಲ್ಲಿ ದುಬಾರಿ ಬೆಲೆಗೆ ಕೊಳ್ಳುತ್ತಾರೆ.

ಪೀಟ್ ನಮ್ಮ ನೆಲದ್ದಲ್ಲ, ಅದರ ಅಗತ್ಯವೂ ನಮಗಿಲ್ಲ. ತಿಪಟೂರು, ಅರಸೀಕೆರೆ ಸೀಮೆಯ ನಾರಿನ ಕಾರ್ಖಾನೆಗಳಲ್ಲಿ ಮಟ್ಟೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿಯೇ ಕೋಕೋಪಿಟ್. 5 ಕಿಲೋ ತೂಕದ ಒತ್ತಿದ ಇಟ್ಟಿಗೆಯೊಂದು ನೆನೆದಾಗ ಉಬ್ಬಿ ಮೂರು ದೊಡ್ಡ ಕುಂಡಗಳಿಗೆ ಸಾಲುವಷ್ಟಾಗುತ್ತದೆ. ಇದರಲ್ಲಿ ಎರಡು ದೋಷಗಳಿವೆ. ಮೊದಲನೆಯದು ಉಪ್ಪು: ತೆಂಗಿನ ಮಟ್ಟೆಯಲ್ಲಿ ಸಹಜವಾಗಿಯೇ ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್‌ಗಳಿರುತ್ತವೆ, ಕರಾವಳಿಯ ಉಪ್ಪು ಹಿನ್ನೀರಿನಲ್ಲಿ ಕೊಳೆಹಾಕಿದ ಮಟ್ಟೆಯಲ್ಲಂತೂ ಇನ್ನೂ ಹೆಚ್ಚು. ಎರಡು ಮೂರು ಸಲ ತೊಳೆದು ಹಿಂಡಿದರೆ ಕರಗಿದ ಉಪ್ಪು ಹೋಗುತ್ತದೆ, ಆದರೆ ಪುಡಿಯ ಮೈಗೆ ಅಂಟಿದ ಸೋಡಿಯಂ ಹೋಗುವುದಿಲ್ಲ. ಅದನ್ನು ಕಿತ್ತು ಹಾಕಲು ಕ್ಯಾಲ್ಸಿಯಂ ಬೇಕು. 10 ಲೀಟರ್ ನೀರಿಗೆ 20 ಗ್ರಾಂ ಜಿಪ್ಸಂ ಕದಡಿ ಆ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಬಸಿಯುವುದು ಅಗ್ಗದ ದಾರಿ. ಎರಡನೆಯ ದೋಷವೆಂದರೆ ಇದರಲ್ಲಿ ಇಂಗಾಲ ವಿಪರೀತವಾಗಿದ್ದು ಸಾರಜನಕ ತೀರ ಕಡಿಮೆ. ಹುದುಗಿಸದ ಹಸಿ ಕೋಕೋಪಿಟ್‌ನಲ್ಲಿ ಗಿಡ ನೆಟ್ಟರೆ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನು ಕಸಿದುಕೊಳ್ಳುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಸೂಕ್ಷ್ಮಜೀವಿಗಳಿಂದ ಹುದುಗಿಸಿದ ‘ಅರ್ಕಾ’ ಕೋಕೋಪಿಟ್ ತಯಾರಿಸಿರುವುದು ಈ ಕಾರಣಕ್ಕೇ. ಮನೆಯಲ್ಲಿಯೂ ಇದನ್ನು ಎರೆಗೊಬ್ಬರದೊಡನೆ ಕಲಸಿ, ತೇವ ಆರದಂತೆ ಒಂದೆರಡು ತಿಂಗಳು ಇಟ್ಟರೆ ಗುಣ ಬಹಳ ಸುಧಾರಿಸುತ್ತದೆ.

ಗಾಳಿಯಾಡಿಸಲು ಪರ್ಲೈಟ್ ಕೊಳ್ಳುವುದು ನನಗೆ ಅನವಶ್ಯಕ ಖರ್ಚೆಂದೇ ತೋರುತ್ತದೆ. ಗಂಗಾವತಿ, ಸಿಂಧನೂರು, ದಾವಣಗೆರೆ, ಮಂಡ್ಯ, ಎಲ್ಲಿಯ ಅಕ್ಕಿ ಗಿರಣಿಗೆ ಹೋದರೂ ಭತ್ತದ ಹೊಟ್ಟು ಚೀಲಗಟ್ಟಲೆ ಸಿಗುತ್ತದೆ. ಅದರಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ, ದೋಣಿಯಾಕಾರದ ಸಿಪ್ಪೆಗಳು ಒಂದರ ಮೇಲೊಂದು ಕೂತು ಬಿಗಿಯುವುದೂ ಇಲ್ಲ. ಅರೆಬರೆ ಸುಟ್ಟು ಕಪ್ಪಾದ ಹೊಟ್ಟು ಇನ್ನೂ ಹೆಚ್ಚು ಕಾಲ ಬಾಳುತ್ತದೆ. ಪೂರ್ತಿ ಉರಿದು ಬೆಳ್ಳಗಾದ ಬೂದಿ ಮಾತ್ರ ಬೇರೆಯೇ ವಸ್ತು: ಅದು ಪುಡಿಯಾಗಿ ರಂಧ್ರಗಳನ್ನು ಮುಚ್ಚುತ್ತದೆ, ಮಣ್ಣನ್ನು ಕ್ಷಾರಗೊಳಿಸುತ್ತದೆ.

ಹಾಗೆಂದು ಕೆಮ್ಮಣ್ಣನ್ನು ಪೂರ್ತಿ ಕೈಬಿಡಬೇಕಿಲ್ಲ. ಐದರಲ್ಲಿ ಒಂದು ಪಾಲು ಜರಡಿ ಹಿಡಿದ ಕೆಮ್ಮಣ್ಣು ಸೇರಿದ್ದರೆ ಕುಂಡಕ್ಕೆ ಗಾಳಿಗೆ ಉರುಳದಷ್ಟು ತೂಕ ಬರುತ್ತದೆ, ಕಬ್ಬಿಣವೂ ಇತರ ಖನಿಜಗಳೂ ಸಿಗುತ್ತವೆ. ಬಯಲುಸೀಮೆಯ ಎರೆಮಣ್ಣು ಹೊಲದಲ್ಲಿ ಎಷ್ಟೇ ಬಂಗಾರವಾದರೂ ಕುಂಡಕ್ಕೆ ಒಗ್ಗದು. ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬಿಡುತ್ತದೆ, ಹಾಕಿದ ನೀರೆಲ್ಲ ಆ ಬಿರುಕಿನಲ್ಲಿ ಜಾರಿ ಹೋಗುತ್ತದೆ. ಕರಾವಳಿಯವರಿಗೆ ಮಲ್ಲಿಗೆ ಗಿಡಕ್ಕೆ ಹಾಕುವ ಸುಡುಮಣ್ಣು ಗೊತ್ತಿದೆ. ಸೊಪ್ಪು ಕಸದೊಡನೆ ಮಣ್ಣನ್ನು ನಿಧಾನವಾಗಿ ಸುಟ್ಟಾಗ ಕಳೆಬೀಜ, ಕೀಟಗಳು ಸಾಯುತ್ತವೆ, ಜೇಡಿಯ ಕಣಗಳು ಬೆಂದು ಹರಳುಗಟ್ಟುತ್ತವೆ, ಬೂದಿಯಿಂದ ಪೊಟ್ಯಾಷ್ ಸೇರುತ್ತದೆ. ಕುಂಡಕ್ಕೆ ಇಷ್ಟು ಹೊಂದುವ ಮಣ್ಣನ್ನು ಪೇಟೆಯಲ್ಲಿ ಕೊಳ್ಳುವುದು ಕಷ್ಟ.

ಇನ್ನು ಆಹಾರ. ಮಿಶ್ರಣದ ಮೂರನೆಯ ಒಂದು ಪಾಲು ಎರೆಗೊಬ್ಬರವೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೋ ಇದ್ದರೆ ಆರಂಭಕ್ಕೆ ಸಾಕು. ಅದಕ್ಕಿಂತ ಹೆಚ್ಚಾದರೆ ಉಪ್ಪಿನಂಶವೂ ಏರುತ್ತದೆ, ಸಣ್ಣ ಕಣಗಳು ಮತ್ತೆ ಗಾಳಿಯ ದಾರಿ ಮುಚ್ಚುತ್ತವೆ. 20 ಲೀಟರ್ ಮಿಶ್ರಣ ಹಿಡಿಸುವ ಗಿಡದ ಚೀಲವೊಂದಕ್ಕೆ 100 ಗ್ರಾಂ ಬೇವಿನ ಹಿಂಡಿ ಸೇರಿಸಬಹುದು. ಮಣ್ಣಿನಲ್ಲಿ ಅಮೋನಿಯವನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯಗಳನ್ನು ಬೇವಿನ ಕಹಿ ನಿಧಾನಗೊಳಿಸುವುದರಿಂದ ಸಾರಜನಕ ನೀರಿನೊಡನೆ ಬೇಗ ಕೊಚ್ಚಿಹೋಗುವುದಿಲ್ಲ. 2015ರಲ್ಲಿ ದೇಶದ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯವಾದುದರ ಹಿಂದೆ ಈ ಗುಣವೂ ಇದೆ. ಹಿಂಡಿ ಬೆರೆಸಿದ ಮಿಶ್ರಣ ತೇವವಾದೊಡನೆ ಕಾವೇರುತ್ತದೆ, ಆದ್ದರಿಂದ ಎರಡು ವಾರ ಕಾದು ಗಿಡ ನೆಡಬೇಕು. ಆ ದಿನಗಳಲ್ಲಿ ಮೇಲೆ ಕಾಣುವ ಬಿಳಿ ಬೂಷ್ಟಿಗೆ ಹೆದರಬೇಕಾಗಿಲ್ಲ. ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ ಹಾಕುವ ಶ್ರಮವನ್ನಂತೂ ನಾನು ಯಾರಿಗೂ ಹೇಳುವುದಿಲ್ಲ. ಅದು ಸುಣ್ಣಕಲ್ಲಿನ ಜಾತಿಯದು, ಗಡಸು ಬೋರ್‌ವೆಲ್ ನೀರು ಕುಡಿಯುವ ಕುಂಡದಲ್ಲಿ ವರ್ಷವಾದರೂ ಹಾಗೆಯೇ ಇರುತ್ತದೆ.

ಮಿಶ್ರಣ ಸರಿಯಾಗಿದೆಯೇ ಎಂದು ನೋಡಲು ಪ್ರಯೋಗಾಲಯ ಬೇಕಿಲ್ಲ. 10 ಲೀಟರ್ ಹಿಡಿಸುವ ಕುಂಡದ ತೂತುಗಳನ್ನು ಮುಚ್ಚಿ, ಮಿಶ್ರಣ ತುಂಬಿ, ಮೇಲ್ಮೈ ಮಿನುಗುವವರೆಗೆ ನಿಧಾನವಾಗಿ ನೀರು ಹನಿಸಿ, ಅದು ಒಳಗೆಲ್ಲ ಹರಡಲು ಬಿಡಬೇಕು. ಆಮೇಲೆ ಬೋಗುಣಿಯ ಮೇಲಿಟ್ಟು ತೂತು ತೆರೆದರೆ, ಬಸಿದು ಬಿದ್ದ ನೀರಿನ ಅಳತೆಯೇ ಗಾಳಿಗೆ ಸಿಕ್ಕ ಜಾಗದ ಅಳತೆ. ಒಂದೂವರೆಯಿಂದ ಎರಡು ಲೀಟರ್ ಬಿದ್ದರೆ ತರಕಾರಿಗೆ ಒಳ್ಳೆಯದು. ಒಂದು ಲೀಟರಿಗಿಂತ ಕಡಿಮೆಯಾದರೆ ಇನ್ನಷ್ಟು ಹೊಟ್ಟು ಬೆರೆಸಬೇಕು.

ಒಂದು ಬೆಳೆ ಮುಗಿಯುವಷ್ಟರಲ್ಲಿ ಸಾವಯವ ಭಾಗ ಕರಗಿ ಮಿಶ್ರಣ ಕೆಲವು ಅಂಗುಲ ಇಳಿದಿರುತ್ತದೆ. ಅದನ್ನು ಚೆಲ್ಲುವುದು ದುಡ್ಡು ಚೆಲ್ಲಿದಂತೆ. ಬೇರುಗಳನ್ನು ಬಿಡಿಸಿ, ಬೇರುಗಂಟು ರೋಗ ಕಂಡಿದ್ದರೆ ಏಪ್ರಿಲ್ ಬಿಸಿಲಿನಲ್ಲಿ ಒದ್ದೆ ಮಿಶ್ರಣವನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಡಿ ತೆಳ್ಳಗೆ ಹರಡಿ ನಾಲ್ಕಾರು ವಾರ ಬಿಡಬೇಕು. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯಡಿಯಲ್ಲೇ ಮಣ್ಣು ಹೆಚ್ಚು ಕಾಯುತ್ತದೆ. ಬಳಿಕ ಇಳಿದಷ್ಟು ಜಾಗಕ್ಕೆ ಹೊಸ ಗೊಬ್ಬರವನ್ನೂ ಅದಕ್ಕೆ ಸಮನಾಗಿ ಹೊಟ್ಟನ್ನೂ ಬೆರೆಸಿ ತುಂಬಿದರೆ ಮುಂದಿನ ಬೆಳೆಗೆ ಕುಂಡ ಸಿದ್ಧವಾಗುತ್ತದೆ.