ಡಿಜಿಟಲ್ ಕ್ಲಸ್ಟರ್: ಹೊಸ ಪದ, ಪೇಟೆಯ ಅರ್ಥ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ಕಂಡವರಿಗೆ ‘ಕ್ಲಸ್ಟರ್’ ಎಂಬುದರ ಅರ್ಧ ಅರ್ಥ ಆಗಲೇ ತಿಳಿದಿರುತ್ತದೆ. ಭತ್ತ ನೆನೆಸಿ ಬೇಯಿಸುವವರು, ಕಾದ ಮರಳಿನಲ್ಲಿ ಅಕ್ಕಿ ಹುರಿಯುವವರು, ಚೀಲ ತುಂಬುವವರು, ಲಾರಿಗೆ ಹೇರುವ ಹಮಾಲರು, ಸಗಟು ಕೊಳ್ಳುವವರು ಎಲ್ಲರೂ ಅಲ್ಲಿ ಕೂಗಳತೆಯಲ್ಲೇ ಸಿಗುತ್ತಾರೆ. ಒಂದು ಭಟ್ಟಿಯಲ್ಲಿ ಪಳಗಿದ ಕೈಗೆ ಪಕ್ಕದ ಭಟ್ಟಿಯಲ್ಲಿ ಕೆಲಸವಿರುತ್ತದೆ. ಅಕ್ಕಿಯ ಗುಣವಾಗಲಿ ದರದ ಏರಿಳಿತವಾಗಲಿ ಒಬ್ಬರಿಗೆ ತಿಳಿದರೆ ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ಒಂದೇ ಕಸುಬಿನವರು ಒತ್ತಾಗಿ ನೆಲೆಸಿದಾಗ ಕೌಶಲ, ಪೂರೈಕೆ ಮತ್ತು ತಿಳಿವಳಿಕೆ ಎಲ್ಲರಿಗೂ ಅಗ್ಗವಾಗುತ್ತವೆ ಎಂಬುದನ್ನು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ವಿವರಿಸಿದ್ದರು. ನೂರು ವರ್ಷಗಳ ಬಳಿಕ, 1990ರ ಸುಮಾರಿಗೆ, ಅಮೆರಿಕದ ವ್ಯವಹಾರ ತಜ್ಞ ಮೈಕೆಲ್ ಪೋರ್ಟರ್ ಅವರು ‘ಕ್ಲಸ್ಟರ್’ ಎಂಬ ಹೆಸರನ್ನು ಜಗತ್ತಿನಾದ್ಯಂತ ಬಳಕೆಗೆ ತಂದರು.

ತಂತ್ರಾಂಶ, ಅನಿಮೇಷನ್, ದತ್ತಾಂಶ ಸೇವೆ ಮುಂತಾದ ಉದ್ಯಮಗಳು ಹೀಗೆ ಒಂದೆಡೆ ಸೇರಿದರೆ ಅದು ಡಿಜಿಟಲ್ ಕ್ಲಸ್ಟರ್. ಸರಕು ತಂತಿಯಲ್ಲೇ ಸಾಗುವಾಗ ಒಂದೇ ಬೀದಿಯಲ್ಲಿ ಇರಬೇಕಾದ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಸರಕು ಸಾಗಿದರೂ ಅನುಭವ ಅಷ್ಟು ಸುಲಭವಾಗಿ ಸಾಗುವುದಿಲ್ಲ. ಒಂದು ಕಂಪನಿ ಮುಚ್ಚಿದರೆ ಅದೇ ಊರಿನಲ್ಲಿ ಮತ್ತೊಂದು ಕೆಲಸ ಸಿಕ್ಕೀತೆಂಬ ಧೈರ್ಯವಿಲ್ಲದ ಕಡೆ ನುರಿತವರು ನಿಲ್ಲುವುದಿಲ್ಲ; ನುರಿತವರಿಲ್ಲದ ಕಡೆಗೆ ಕಂಪನಿ ಬರುವುದಿಲ್ಲ. 1951ರಷ್ಟು ಹಿಂದೆಯೇ ಎಂಜಿನಿಯರಿಂಗ್ ಕಾಲೇಜು ಕಂಡ, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜನ್ನೂ ಪಡೆದ ದಾವಣಗೆರೆಯಿಂದ ಪದವೀಧರರು ಬೆಂಗಳೂರಿನ ಬಸ್ಸು ಹತ್ತುತ್ತಲೇ ಇರುವುದಕ್ಕೆ ಈ ಸುತ್ತು ಒಂದು ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಸಾರ್ವಜನಿಕ ಹೂಡಿಕೆ ಎಂಬ ಮಾತು ಬರುವುದು ಇಲ್ಲಿಯೇ. ನೆಲದಡಿಯ ಫೈಬರ್ ಜಾಲ, ಕಡಿತವಿಲ್ಲದ ವಿದ್ಯುತ್ತು, ಕಡಿಮೆ ಬಾಡಿಗೆಯ ಕೆಲಸದ ಜಾಗ, ತರಬೇತಿ ಕೇಂದ್ರ, ಹಂಚಿಕೊಂಡು ಬಳಸುವ ಉಪಕರಣಗಳು, ಇವುಗಳ ಲಾಭ ಎಲ್ಲರಿಗೂ ಹಂಚಿಹೋಗುವುದರಿಂದ ಯಾವ ಕಂಪನಿಯೂ ಒಂಟಿಯಾಗಿ ಇವಕ್ಕೆ ಹಣ ಹಾಕಲು ಮುಂದಾಗುವುದಿಲ್ಲ. ಆ ಮೊದಲ ಹಣವನ್ನು ಸರ್ಕಾರವೋ ಪಾಲಿಕೆಯೋ ಹಾಕಿ, ಖಾಸಗಿ ಹೂಡಿಕೆ ತಾನಾಗಿ ಹಿಂಬಾಲಿಸುವ ಸ್ಥಿತಿಯನ್ನು ತರುವುದೇ ಇದರ ಉದ್ದೇಶ. ಒಂದು ಗಾಜಿನ ಕಟ್ಟಡ ಕಟ್ಟಿ ಅದಕ್ಕೆ ಕ್ಲಸ್ಟರ್ ಎಂದು ಹೆಸರಿಟ್ಟರೆ ಪದಕ್ಕೆ ಅನ್ಯಾಯವಾಗುತ್ತದೆ. ಕಟ್ಟಡದೊಳಗಿನವರ ನಡುವೆ ಕೊಡುಕೊಳ್ಳುವಿಕೆ ಇಲ್ಲದಿದ್ದರೆ ಅದು ಬಾಡಿಗೆಗೆ ಕೊಟ್ಟ ಕಟ್ಟಡ ಮಾತ್ರ.

ಈ ಪದದೊಡನೆ ಜೋಡಿಯಾಗಿ ಬರುವ ಇನ್ನೊಂದು ಮಾತು ‘ನೆರೆಹೊರೆಯ ಪುನಶ್ಚೇತನ’. ಹಳೆಯ ಕೈಗಾರಿಕೆ ಸೊರಗಿದ ಬಡಾವಣೆಗೆ ಹೊಸ ಉದ್ಯಮವನ್ನು ತಂದು, ಅದರ ನೆಪದಲ್ಲಿ ರಸ್ತೆ, ಚರಂಡಿ, ಮನೆ, ಶಾಲೆ, ಉದ್ಯಾನಗಳನ್ನೂ ಸರಿಪಡಿಸುವುದೆಂದು ಇದರ ಅರ್ಥ. ಇದಕ್ಕೆ ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದ ಬಾರ್ಸಿಲೋನಾ ನಗರದ ಪೋಬ್ಲೆನೋ ಬಡಾವಣೆಗಿಂತ ನಮಗೆ ಹತ್ತಿರವಾದ ಉದಾಹರಣೆ ನನಗೆ ಕಾಣದು. ದಾವಣಗೆರೆಯನ್ನು ಹತ್ತಿಗಿರಣಿಗಳ ಕಾಲದಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆದಂತೆ, ಆ ಬಡಾವಣೆಯನ್ನು ‘ಕ್ಯಾಟಲೋನಿಯಾದ ಮ್ಯಾಂಚೆಸ್ಟರ್’ ಎನ್ನುತ್ತಿದ್ದರು. ಎರಡೂ ಕಡೆ ಗಿರಣಿಗಳು ಬಾಗಿಲು ಹಾಕಿದವು. 2000ನೇ ಇಸವಿಯಲ್ಲಿ ಅಲ್ಲಿನ ನಗರಾಡಳಿತವು ಸುಮಾರು 200 ಹೆಕ್ಟೇರ್ ಕೈಗಾರಿಕಾ ಪ್ರದೇಶದ ವಲಯ ನಿಯಮವನ್ನೇ ಬದಲಿಸಿ, ಜ್ಞಾನಾಧಾರಿತ ಉದ್ಯಮಗಳಿಗೆ ಹೆಚ್ಚು ಮಹಡಿ ಕಟ್ಟಲು ಅವಕಾಶ ಕೊಟ್ಟಿತು. ಆದರೆ ಆ ಅವಕಾಶ ಪುಕ್ಕಟೆಯಾಗಿರಲಿಲ್ಲ. ಹೊಸದಾಗಿ ಕಟ್ಟುವ ಭೂಮಾಲೀಕರು ತಮ್ಮ ಜಾಗದ ಶೇ 30ರಷ್ಟನ್ನು ಉದ್ಯಾನ, ಸಾರ್ವಜನಿಕ ಸೌಲಭ್ಯ ಮತ್ತು ಕೈಗೆಟಕುವ ವಸತಿಗಾಗಿ ನಗರಕ್ಕೆ ಬಿಟ್ಟುಕೊಡಬೇಕಾಗಿತ್ತು. ಸಾರ್ವಜನಿಕ ಹಣ ಮತ್ತು ಸಾರ್ವಜನಿಕ ನಿಯಮದಿಂದ ಏರಿದ ಭೂಮಿಯ ಬೆಲೆಯಲ್ಲಿ ಒಂದು ಪಾಲು ಸಾರ್ವಜನಿಕರಿಗೇ ಮರಳುವ ಈ ಕ್ರಮಕ್ಕೆ ‘ಮೌಲ್ಯ ವಸೂಲಿ’ ಎನ್ನಬಹುದು. ನಮ್ಮ ಸುಧಾರಣಾ ಶುಲ್ಕದ ಹಿಂದಿರುವ ತತ್ತ್ವವೂ ಇದೇ. ಅಷ್ಟಾದರೂ ಅಲ್ಲಿನ ನಿವಾಸಿಗಳು ಹಳೆಯ ಗಿರಣಿ ಕಟ್ಟಡಗಳ ನೆಲಸಮವನ್ನೂ ಬಾಡಿಗೆಯ ಏರಿಕೆಯನ್ನೂ ವಿರೋಧಿಸಿ ಬೀದಿಗಿಳಿದರು, ಅದರ ಫಲವಾಗಿ ನೂರಕ್ಕೂ ಹೆಚ್ಚು ಕಟ್ಟಡಗಳು ಸಂರಕ್ಷಿತ ಪಟ್ಟಿಗೆ ಸೇರಿದವು.

ದಾವಣಗೆರೆ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ಆಯ್ಕೆಯಾಯಿತು. ಆ ಯೋಜನೆಯ ಮಾರ್ಗಸೂಚಿಯು ಈಗಾಗಲೇ ಕಟ್ಟಿದ ಪ್ರದೇಶಗಳಿಗೆ ಎರಡು ದಾರಿಗಳನ್ನು ಬೇರ್ಪಡಿಸಿತ್ತು: ಇರುವುದನ್ನು ಉಳಿಸಿಕೊಂಡು 500 ಎಕರೆಗೂ ಹೆಚ್ಚಿನ ಪ್ರದೇಶವನ್ನು ಸುಧಾರಿಸುವುದು ಒಂದು, 50 ಎಕರೆಗೂ ಹೆಚ್ಚಿನ ಪ್ರದೇಶದಲ್ಲಿ ಇರುವುದನ್ನು ತೆಗೆದು ಹೊಸದಾಗಿ ಕಟ್ಟುವುದು ಇನ್ನೊಂದು. ಪುನಶ್ಚೇತನ ಎಂಬ ಪದವನ್ನು ಕಡತಗಳಲ್ಲಿ ಎರಡಕ್ಕೂ ಬಳಸುತ್ತಾರಾದರೂ, ಬಾಡಿಗೆ ಮನೆಯಲ್ಲಿರುವ ಕುಟುಂಬಕ್ಕೆ ಈ ಎರಡರ ನಡುವಿನ ಅಂತರ ಬದುಕಿನಷ್ಟೇ ದೊಡ್ಡದು. ಡಿಜಿಟಲ್ ಉದ್ಯಮವನ್ನು ರಾಜಧಾನಿಯ ಆಚೆಗೂ ಹರಡುವ ರಾಜ್ಯದ ‘ಬಿಯಾಂಡ್ ಬೆಂಗಳೂರು’ ಪ್ರಯತ್ನವು ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳನ್ನು ಕ್ಲಸ್ಟರ್‌ಗಳೆಂದು ಹೆಸರಿಸಿದಾಗ ಪದದ ವ್ಯಾಪ್ತಿ ಇನ್ನೂ ಹಿಗ್ಗುತ್ತದೆ: ಅಲ್ಲಿ ಅದು ಬೀದಿಯಲ್ಲ, ನಗರ ಅಥವಾ ನಗರಗಳ ಸಾಲು. ಆದ್ದರಿಂದ ಓದುವಾಗ ಯಾವ ಅಳತೆಯ ಕ್ಲಸ್ಟರ್ ಎಂಬುದನ್ನು ಗಮನಿಸಬೇಕಾಗುತ್ತದೆ.

ಕನ್ನಡದಲ್ಲಿ ಇದಕ್ಕೆ ‘ಗುಚ್ಛ’, ‘ಸಮೂಹ’ ಎಂಬ ಪದಗಳು ಬಳಕೆಗೆ ಬಂದಿವೆ. ನನಗೆ ‘ಪೇಟೆ’ ಹೆಚ್ಚು ಒಪ್ಪುತ್ತದೆ. ಮಂಡಿಪೇಟೆ, ಚೌಕಿಪೇಟೆ ಎನ್ನುವಾಗ ವ್ಯಾಪಾರವೂ ವಾಸವೂ ಒಟ್ಟಿಗೇ ನೆನಪಾಗುತ್ತವೆ; ಕೆಳಗೆ ಅಂಗಡಿ, ಮೇಲೆ ಮನೆ, ಎದುರಿಗೆ ಗುಡಿ. ಕ್ಲಸ್ಟರ್ ಎಂಬ ಪದ ಉದ್ಯಮವನ್ನು ಮಾತ್ರ ಹೇಳುತ್ತದೆ, ಆದ್ದರಿಂದಲೇ ಅದರ ಪಕ್ಕದಲ್ಲಿ ನೆರೆಹೊರೆಯನ್ನು ಬೇರೆಯಾಗಿ ಬರೆಯಬೇಕಾಗುತ್ತದೆ.