ಬೀಟ್‌ಮ್ಯಾಚಿಂಗ್: ನಿಧಾನದ ಹಾಡಿಗೆ ಜಾಗ ಬಿಡುವ ಕೆಲಸ

ಟೇಪ್ ರೆಕಾರ್ಡರಿನ ಬ್ಯಾಟರಿ ಇಳಿದಾಗ ಹಾಡು ಹೇಗೆ ಕೇಳುತ್ತಿತ್ತು, ನೆನಪಿದೆಯಾ? ಹಾಡು ಎಳೆದಾಡುತ್ತಿತ್ತು. ಜೊತೆಗೆ ಗಾಯಕಿಯ ದನಿ ದಪ್ಪಗಾಗಿ ಗಂಡಸಿನ ದನಿಯ ಹಾಗೆ ಕೇಳುತ್ತಿತ್ತು. ವೇಗ ಇಳಿದರೆ ಶ್ರುತಿಯೂ ಇಳಿಯುತ್ತದೆ, ವೇಗ ಏರಿದರೆ ಶ್ರುತಿಯೂ ಏರುತ್ತದೆ. ಡಿಜೆಗಳು ದಿನವೂ ಬಳಸುವ ಬೀಟ್‌ಮ್ಯಾಚಿಂಗ್ ಅನ್ನುವ ಪದ ಅರ್ಥವಾಗಬೇಕಾದರೆ ಇದನ್ನು ನೆನಪಿಟ್ಟುಕೊಳ್ಳಬೇಕು.

ಬೀಟ್‌ಮ್ಯಾಚಿಂಗ್ ಅಂದರೆ ಎರಡು ಹಾಡುಗಳನ್ನು ಒಂದೇ ವೇಗಕ್ಕೆ ತಂದು, ಒಂದರ ಬಡಿತದ ಮೇಲೆ ಇನ್ನೊಂದರ ಬಡಿತ ಸರಿಯಾಗಿ ಕೂರುವಂತೆ ಮಾಡುವುದು. ಆಗ ಹಾಡು ಬದಲಾದರೂ ಕುಣಿಯುವವರ ಕಾಲು ನಿಲ್ಲುವುದಿಲ್ಲ. ವೇಗದ ಅಳತೆ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬಡಿತ ಅಂತ. ನ್ಯೂಯಾರ್ಕಿನ ಸ್ಯಾಂಕ್ಚುರಿ ಕ್ಲಬ್ಬಿನಲ್ಲಿ ರೆಕಾರ್ಡು ಹಾಕುತ್ತಿದ್ದ ಫ್ರಾನ್ಸಿಸ್ ಗ್ರಾಸೊ ಈ ವಿದ್ಯೆಯನ್ನು ಬೆಳೆಸಿದ ಮೊದಲಿಗರಲ್ಲಿ ಒಬ್ಬರು. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ತಿರುಗಿಸುವ ಯಂತ್ರ, ಈ ಕೆಲಸವನ್ನು ಸಲೀಸು ಮಾಡಿತು. ಅದರ ಬಲಗಡೆ ಉದ್ದಕ್ಕೊಂದು ಪಿಚ್ ಸ್ಲೈಡರ್ ಇದೆ. ನಮ್ಮ ಕಡೆಗೆ ಎಳೆದರೆ ವೇಗ ಶೇಕಡಾ 8ರವರೆಗೆ ಏರುತ್ತದೆ, ಆಚೆ ತಳ್ಳಿದರೆ ಅಷ್ಟೇ ಇಳಿಯುತ್ತದೆ.

ವೇಗ ಒಂದೇ ಆದರೆ ಸಾಲದು. 120 ಬಿಪಿಎಂನಲ್ಲಿ ಒಂದು ಬಡಿತಕ್ಕೂ ಮುಂದಿನದಕ್ಕೂ ಅರ್ಧ ಸೆಕೆಂಡು. ಅದರಲ್ಲಿ ಒಂದು ಹಾಡು ಚೂರು ಹಿಂದೆ ಬಿದ್ದರೂ ಎರಡು ಹಾಡಿನ ಕಿಕ್ ಡ್ರಮ್‌ಗಳು, ಅಂದರೆ ಬಡಿತ ಹಿಡಿಯುವ ದಪ್ಪ ಡ್ರಮ್‌ಗಳು, ಕುದುರೆ ಓಡಿದ ಹಾಗೆ ಟಕಟಕ್, ಟಕಟಕ್ ಅನ್ನುತ್ತವೆ. ಹೆಡ್‌ಫೋನಿನ ಒಂದು ಕಡೆಯನ್ನು ಕಿವಿಗೆ ಒತ್ತಿ, ರೆಕಾರ್ಡಿನ ಅಂಚನ್ನು ಬೆರಳ ತುದಿಯಲ್ಲಿ ಸ್ವಲ್ಪ ಮುಂದೂಡಿದರೆ ಆ ಎರಡು ಸದ್ದು ಸೇರಿ ಒಂದೇ ಗಟ್ಟಿ ‘ಧಂ’ ಆಗುತ್ತದೆ. ಅದು ಕೂಡುವ ಆ ಕ್ಷಣ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಈಗ ನಿಜವಾದ ಕಷ್ಟಕ್ಕೆ ಬರೋಣ: ನಿಧಾನದ ಡೀಪ್ ಹೌಸ್ ರೀಮಿಕ್ಸ್. ಹೌಸ್ ಅನ್ನುವ ಕ್ಲಬ್ಬಿನ ಕುಣಿತದ ಸಂಗೀತ ಹುಟ್ಟಿದ್ದು ಶಿಕಾಗೋದಲ್ಲಿ. ಫ್ರಾಂಕಿ ನಕಲ್ಸ್ ಹಾಡು ಹಾಕುತ್ತಿದ್ದ ವೇರ್‌ಹೌಸ್ ಕ್ಲಬ್ಬಿನಿಂದ ಅದಕ್ಕೆ ಆ ಹೆಸರು ಬಂತು ಅಂತ ಹೇಳುತ್ತಾರೆ. ಅದೇ ಊರಿನ ಲ್ಯಾರಿ ಹರ್ಡ್ 1986ರಲ್ಲಿ ಮಿಸ್ಟರ್ ಫಿಂಗರ್ಸ್ ಹೆಸರಿನಲ್ಲಿ ತಂದ ‘ಕ್ಯಾನ್ ಯು ಫೀಲ್ ಇಟ್’ ಡೀಪ್ ಹೌಸ್‌ಗೆ ದಾರಿ ಹಾಕಿತು. ಮೆತ್ತಗಿನ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗಳು), ಆಳದ ಬೇಸ್, ಅವಸರವಿಲ್ಲದ ನಡೆ. ಈ ಬಗೆಯಲ್ಲಿ ಸದ್ದುಗಳ ನಡುವಿನ ಖಾಲಿ ಜಾಗಕ್ಕೂ ಸದ್ದಿನಷ್ಟೇ ಬೆಲೆ ಇದೆ.

ನಿಮ್ಮ ಸೆಟ್, ಅಂದರೆ ಒಂದರ ಹಿಂದೊಂದು ಹಾಕುತ್ತಿರುವ ಹಾಡುಗಳ ಸಾಲು, 124 ಬಿಪಿಎಂನಲ್ಲಿ ಓಡುತ್ತಿದೆ, ಹಾಕಬೇಕಾದ ರೀಮಿಕ್ಸ್ 115ರಲ್ಲಿದೆ ಅಂದುಕೊಳ್ಳಿ. 115ನ್ನು 124ಕ್ಕೆ ಏರಿಸಲು ಶೇಕಡಾ 7.8 ಜಾಸ್ತಿ ಮಾಡಬೇಕು. ಸ್ಲೈಡರ್ ಹೆಚ್ಚುಕಡಿಮೆ ತುದಿ ಮುಟ್ಟುತ್ತದೆ. ಹಾರ್ಮೋನಿಯಂನಲ್ಲಿ ಒಂದು ಕೀಯಿಂದ ಪಕ್ಕದ ಕೀಗೆ, ಕರಿಯದನ್ನೂ ಲೆಕ್ಕಕ್ಕೆ ಹಿಡಿದರೆ, ಸುಮಾರು ಶೇಕಡಾ 6ರ ಅಂತರ. ಅಂದರೆ ಹಾಡು ಒಂದು ಕೀ ದಾಟಿ ಮೇಲೆ ಹೋಗಿರುತ್ತದೆ, ಮುಂದಿನ ಕೀಗೂ ಮುಟ್ಟಿರುವುದಿಲ್ಲ. ಬೇಸ್ ತೆಳುವಾಗುತ್ತದೆ, ಹಾಡುವವರ ದನಿ ಕೀರಲಾಗುತ್ತದೆ. ಈಗಿನ ಪ್ಲೇಯರ್‌ಗಳಲ್ಲಿ ಶ್ರುತಿ ಕದಲದಂತೆ ಹಿಡಿಯುವ ಕೀ ಲಾಕ್ ಇದೆ, ನಿಜ. ಆದರೆ ಇಷ್ಟು ದೂರ ಎಳೆದರೆ ಹೈ-ಹ್ಯಾಟ್‌ನ, ಅಂದರೆ ಡ್ರಮ್ ಸೆಟ್ಟಿನ ತಾಳದಂಥ ತಟ್ಟೆಗಳ, ಸದ್ದಿನ ಅಂಚು ಮೊಂಡಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಡಿತಗಳ ನಡುವಿನ ಆ ಬಿಡುವು ಕಿರಿದಾಗಿಬಿಡುತ್ತದೆ. ರೀಮಿಕ್ಸ್ ಮಾಡಿದವರು ಬೇಕಂತಲೇ ಇಟ್ಟ ಬಿಡುವು ಅದು, ಅಲ್ವಾ?

ಹಾಗಾಗಿ ನಾನು ಹೊಸ ಹಾಡನ್ನು ಓಡಿಸುವುದಿಲ್ಲ, ಸೆಟ್ಟನ್ನೇ ಅದರ ಹತ್ತಿರಕ್ಕೆ ಇಳಿಸುತ್ತೇನೆ. ಮೂರು ಹಾಡು ಮೊದಲೇ ಶುರು ಮಾಡಬೇಕು. 124ರಿಂದ 122, ಆಮೇಲೆ 120, ಆಮೇಲೆ 117. ಪ್ರತಿ ಹಾಡಿನ ಮಧ್ಯದಲ್ಲಿ ಸ್ಲೈಡರನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದರೆ ಕುಣಿಯುವವರಿಗೆ ಗೊತ್ತೇ ಆಗುವುದಿಲ್ಲ. ಈಗ ರೀಮಿಕ್ಸ್ 115ರಿಂದ 117ಕ್ಕೆ ಏರಿದರೆ ಸಾಕು. ಶೇಕಡಾ 2ಕ್ಕಿಂತ ಕಡಿಮೆ. ಈಗಿನ ಪ್ಲೇಯರ್‌ಗಳ ಸಿಂಕ್ ಬಟನ್ ಒತ್ತಿದರೆ ಎರಡು ವೇಗವೂ ತಕ್ಷಣ ಕೂಡುತ್ತವೆ, ಅದರಲ್ಲಿ ತಪ್ಪೇನಿಲ್ಲ. ಯಾವ ಹಾಡು ಯಾವುದಕ್ಕೆ ಜಾಗ ಬಿಡಬೇಕು ಅನ್ನುವುದನ್ನು ಮಾತ್ರ ಡಿಜೆಯೇ ನಿರ್ಧರಿಸಬೇಕು.

ಇನ್ನು ಬೆರೆಸುವ ಹೊತ್ತು. ಹೌಸ್ ಹಾಡುಗಳಲ್ಲಿ ಸಾಮಾನ್ಯವಾಗಿ 32 ಬಡಿತಕ್ಕೊಂದು ತಿರುವು, ಅಂದರೆ ಹಾಡಿನ ಹೊಸ ಭಾಗ ಶುರುವಾಗುವ ಜಾಗ. 117ರಲ್ಲಿ ಅದು 16 ಸೆಕೆಂಡಿಗಿಂತ ಚೂರು ಜಾಸ್ತಿ. ಹಳೆಯ ಹಾಡಿನ ತಿರುವಿನ ಮೊದಲ ಬಡಿತಕ್ಕೇ ರೀಮಿಕ್ಸಿನ ಮೊದಲ ಬಡಿತ ಬೀಳಬೇಕು. ರೀಮಿಕ್ಸಿನ ಬೇಸ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಇಡುತ್ತೇನೆ. ಎರಡು ಬೇಸ್ ಒಟ್ಟಿಗೆ ಬಂದರೆ ಸ್ಪೀಕರಿನಿಂದ ಬರೀ ಗೊಜಗೊಜ ಸದ್ದು. ಮೊದಲು ಹೈ-ಹ್ಯಾಟ್ ಮಾತ್ರ ಒಳಗೆ ಬರಲಿ, ಆಮೇಲೆ ಕಾರ್ಡ್‌ಗಳು. ಎರಡು ಮೂರು ತಿರುವು ಕಾದು, ಮುಂದಿನ ಮೊದಲ ಬಡಿತಕ್ಕೆ ಒಂದು ಕೈಯಲ್ಲಿ ಹಳೆಯದರ ಬೇಸ್ ಇಳಿಸಿ, ಇನ್ನೊಂದು ಕೈಯಲ್ಲಿ ಹೊಸದರ ಬೇಸ್ ತೆರೆಯುತ್ತೇನೆ.

ಹಳೆಯ ಹಾಡು ಪೂರ್ತಿ ಹೊರಟ ಮೇಲೆ ಸ್ಲೈಡರ್ ಮೇಲೆ ಮತ್ತೆ ಬೆರಳಿಡುತ್ತೇನೆ. ಒಂದು ನಿಮಿಷದಷ್ಟು ಸಮಯ ತೆಗೆದುಕೊಂಡು, 117ರಿಂದ ಮೆಲ್ಲಗೆ 115ಕ್ಕೆ.